ಸೀರೆ ಫಾಲ್: ಮೊದಲು ನೆನೆಸಿ, ಆಮೇಲೆ ಹೊಲಿಸಿ

ಮಾನ್ಯ ಸಂಪಾದಕರೇ,

ಒಂದೇ ಒಗೆತಕ್ಕೆ ಸೀರೆಯ ಅಂಚು ಮುದುಡಿದರೆ ಎಲ್ಲರೂ ನೇಕಾರರನ್ನೇ ದೂರುತ್ತಾರೆ. ಬಹುತೇಕ ಸಲ ತಪ್ಪು ಫಾಲ್‌ನದು, ಅಂದರೆ ಸೀರೆಯ ಕೆಳ ಅಂಚಿಗೆ ಒಳಗಿನಿಂದ ಹೊಲಿಯುವ ಬಟ್ಟೆಪಟ್ಟಿಯದು. ಹತ್ತಿಯ ಫಾಲ್ ನೀರು ಬಿದ್ದೊಡನೆ ಕುಗ್ಗುತ್ತದೆ, ಪಾಲಿಯೆಸ್ಟರ್ ಸೀರೆ ಕುಗ್ಗದು. ಎಳೆತಕ್ಕೆ ಸಿಕ್ಕ ಅಂಚು ಸುಕ್ಕಾಗುತ್ತದೆ. ಫಾಲನ್ನು ಅರ್ಧ ಗಂಟೆ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿಯೇ ಹೊಲಿಯಬೇಕು. ನೀರಿಗೆ ಬಣ್ಣ ಬಿಟ್ಟರೆ ಆ ಫಾಲ್ ಬೇಡವೇ ಬೇಡ.

ಸೀರೆಯ ಒಳಮಗ್ಗುಲಲ್ಲಿ, ಸೊಂಟಕ್ಕೆ ಸಿಕ್ಕಿಸುವ ತುದಿಯಿಂದ 5–6 ಇಂಚು ಬಿಟ್ಟು, ಫಾಲನ್ನು ಕೆಳ ಅಂಚಿಗೆ ಸಮನಾಗಿ ಇಟ್ಟು, ಜಗ್ಗದೆ ಪಿನ್ ಹಾಕಿ. ಕೆಳಗೆ ಮಷಿನ್ ಹೊಲಿಗೆ ನಡೆದೀತು. ಮೇಲೆ ಮಾತ್ರ ಕೈ ಹೆಮ್ಮಿಂಗ್, ಸೂಜಿಗೆ ಸೀರೆಯ ಒಂದೆರಡು ಎಳೆಯಷ್ಟೇ ಸಿಗಬೇಕು. ದಾರ ಸೀರೆಯ ಬಣ್ಣದ್ದಿರಲಿ. ಸೀರೆಯ ತುದಿಗೆ ಪೀಕೋ ಹೊಲಿಗೆ ಹಾಕಿ, ಫಾಲ್ ಹಚ್ಚಿ ಕೊಡುವ ಅಂಗಡಿಯ ಅವಸರದಲ್ಲಿ ನೆನೆಸುವ ವ್ಯವಧಾನ ಎಲ್ಲಿಯದು? ಫಾಲನ್ನು ಮನೆಯಲ್ಲೇ ನೆನೆಸಿ, ಒಣಗಿಸಿ ಕೊಡುವುದು ಲೇಸು.

– ಓರ್ವ ಟೈಲರ್, ದಾವಣಗೆರೆ