ಗೊಂದಲ ಶುರುವಾದ ಕಟ್ ಯಾವುದು?

ಪ್ರೀತಿಯ ತಂಗಿಗೆ,

ಆ ಅನಿಮೇಷನ್ ಚಿತ್ರದಲ್ಲಿ ಸೇತುವೆ ಮೇಲೆ ನಡೆಯುವ ಹೊಡೆದಾಟದ ಬಗ್ಗೆ ನೀನು ಬರೆದ ವಿಮರ್ಶೆಯನ್ನು ಎರಡು ಸಲ ಓದಿದೆ. ಜೊತೆಗಿದ್ದ ಚೀಟಿಯನ್ನೂ ಓದಿದೆ. ಒಂದು ಗೆರೆ ಎಳೆಯಲು ಬಾರದವಳು ಅನಿಮೇಷನ್ ವಿಮರ್ಶೆ ಮಾಡಬಹುದೇ ಎಂದು ಕೇಳಿದ್ದೀಯ. ಮಾಡಬಹುದು. ಆ ಅಳುಕನ್ನು ಇಲ್ಲಿಗೇ ಬಿಡು. ಶೀರ್ಷಿಕೆ, ಪ್ಯಾರಾಗಳ ಚಿಂತೆಯೂ ಈಗ ಬೇಡ.

ನನ್ನ ತಕರಾರು ಒಂದೇ ಸಾಲಿನ ಮೇಲೆ: 'ದೃಶ್ಯ ಗೊಂದಲಮಯವಾಗಿದೆ.' ಯಾವ ಕಟ್‌ನಿಂದ? ಅಂದರೆ, ಕ್ಯಾಮೆರಾ ಮುರಿಯದೆ ತೋರಿಸುವ ಒಂದು ತುಣುಕು (ಶಾಟ್) ಮುಗಿದು ಇನ್ನೊಂದಕ್ಕೆ ಹಾರುವ ಯಾವ ಜಾಗದಿಂದ? ನಾವು ಹಿರಿಯರು ಅನಿಮೇಷನ್ ಚಿತ್ರದ ಕಥೆ ಹೇಳಿ, ಕೊನೆಗೆ 'ಕಣ್ಣಿಗೆ ಹಬ್ಬ' ಎಂದು ಸೇರಿಸಿ ಕೈತೊಳೆದುಕೊಂಡೆವು. ನೀನೂ ಅದನ್ನೇ ಮಾಡಿದರೆ ನನಗೆ ಸಿಟ್ಟು ಬರುತ್ತದೆ.

ಮೊದಲು ಟಿವಿಯ ಮೋಷನ್ ಸ್ಮೂತಿಂಗ್ ಆಫ್ ಮಾಡು. ಅದು ಚಿತ್ರದಲ್ಲಿ ಇಲ್ಲದ ಫ್ರೇಮುಗಳನ್ನು, ಅಂದರೆ ಬಿಡಿ ಬಿಡಿ ಚಿತ್ರಗಳನ್ನು, ತಾನೇ ಹುಟ್ಟಿಸಿ ನಡುವೆ ತುರುಕುತ್ತದೆ. ನೀನು ಫ್ರೇಮ್ ಎಣಿಸಿದರೆ ಆ ಎಣಿಕೆಯೆಲ್ಲ ಸುಳ್ಳಾಗುತ್ತದೆ. ಆಮೇಲೆ ಧ್ವನಿ ಪೂರ್ತಿ ತೆಗೆ. ಗುದ್ದಿನ ಸದ್ದು ಜೋರಾಗಿದ್ದರೆ, ಗುದ್ದು ಕಾಣದೇ ಇದ್ದದ್ದು ಗೊತ್ತೇ ಆಗುವುದಿಲ್ಲ.

ಈಗ ಕಾಗದದಲ್ಲಿ ಆ ಜಾಗವನ್ನು ಮೇಲಿನಿಂದ ನೋಡಿದಂತೆ ಬರೆ. ಕಾದಾಡುವವರಿಗೆ ಎರಡು ಸೊನ್ನೆ, ಅವೆರಡನ್ನು ಕೂಡಿಸುವ ಗೆರೆ, ಪ್ರತಿ ಶಾಟಿಗೂ ಕ್ಯಾಮೆರಾ ಇರುವ ಕಡೆ ಒಂದು ಬಾಣ. ಎರಡು ಶಾಟುಗಳ ನಡುವೆ ಬಾಣ ಗೆರೆಯ ಆಚೆಗೆ ಹಾರಿದರೆ, ಎಡಗಡೆ ಇದ್ದವನು ತಟಕ್ಕನೆ ಬಲಗಡೆ ಕಾಣುತ್ತಾನೆ. ನೀನು ದೂರಿದ್ದು ಕ್ಯಾಮೆರಾ ಸುತ್ತುವುದನ್ನು. ಶಾಟ್ ಮುರಿಯದೆ ಕ್ಯಾಮೆರಾ ಸುತ್ತು ಹಾಕಿದರೆ ದಿಕ್ಕು ಬದಲಾಗುವುದನ್ನು ನಾವು ನೋಡುತ್ತಲೇ ಇರುತ್ತೇವೆ, ಅಷ್ಟಾಗಿ ಕಳೆದುಹೋಗುವುದಿಲ್ಲ. ದಿಕ್ಕು ತಪ್ಪಿಸುವುದು ಆಮೇಲಿನ ಕಟ್.

ಗೆರೆ ದಾಟದಿದ್ದರೂ ಕಟ್ ಕೆಡಬಹುದು. ಪ್ರತಿ ಶಾಟಿನ ಕೊನೆಯ ಫ್ರೇಮಿನಲ್ಲಿ ನಿನ್ನ ಕಣ್ಣು ಎಲ್ಲಿತ್ತೋ ಅಲ್ಲಿ ಪರದೆಯ ಮೇಲೆ ಬೆರಳಿಡು. ಮುಂದಿನ ಶಾಟಿನ ಕ್ರಿಯೆ ಇನ್ನೊಂದು ಮೂಲೆಯಲ್ಲಿ ಶುರುವಾದರೆ, ಕಣ್ಣು ಅತ್ತ ಹೊರಳಲು ಸುಮಾರು 200 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 5 ಫ್ರೇಮ್. ಶಾಟ್ ಇರುವುದೇ 10 ಫ್ರೇಮ್ ಎಂದರೆ ಅರ್ಧ ಹೋಯಿತು! 'ತುಂಬಾ ವೇಗ' ಎಂದು ನೀನು ಬರೆದದ್ದು ಬಹುಶಃ ಇದನ್ನೇ. ಅದೇ 10 ಫ್ರೇಮಿನ ಗುದ್ದನ್ನು ಕಣ್ಣಿದ್ದ ಜಾಗದಲ್ಲೇ ಇಟ್ಟಿದ್ದರೆ ನಿಚ್ಚಳವಾಗಿ ಕಾಣುತ್ತಿತ್ತು.

ಫ್ರೇಮ್ ನಿಲ್ಲಿಸಿ, ಬಣ್ಣ ತೆಗೆದು ಕಪ್ಪು-ಬಿಳುಪಿನಲ್ಲೂ ನೋಡು. ಕಪ್ಪು ಉಡುಪಿನವನು ಕತ್ತಲ ಹಿನ್ನೆಲೆಯಲ್ಲಿ ಕರಗಿದ್ದಾನೆಯೇ? ಎತ್ತಿದ ಕೈ ಎದೆಯ ಮುಂದೆಯೇ ಇದ್ದು ಹೊರಗೆರೆಯೊಳಗೆ ಅಡಗಿದೆಯೇ? ಅಡಗಿದ್ದರೆ ಆ ಹೊಡೆತದ ತಯಾರಿ ನಮಗೆ ತಲುಪುವುದೇ ಇಲ್ಲ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ. 'ಫ್ರೇಮ್ ಕಡಿಮೆ, ದುಡ್ಡು ಉಳಿಸಿದ್ದಾರೆ' ಎಂದು ಬರೆದಿದ್ದೀಯಲ್ಲ, ಅದನ್ನು ಹೊಡೆದುಹಾಕು. ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮ್ ನಿಲ್ಲಿಸಿ, ಸೆಕೆಂಡಿಗೆ 12 ಭಂಗಿಗಳಲ್ಲಿ ಕೆಲಸ ಮಾಡುವುದು ಹಳೆಯ ಪದ್ಧತಿ. 2018ರ 'ಸ್ಪೈಡರ್-ಮ್ಯಾನ್: ಇಂಟು ದಿ ಸ್ಪೈಡರ್-ವರ್ಸ್'ನಲ್ಲಿ ಕಾಡಿನ ದೃಶ್ಯ ನೋಡು: ನುರಿತ ಸ್ಪೈಡರ್-ಮ್ಯಾನ್ ಪೀಟರ್‌ಗೆ ಪ್ರತಿ ಫ್ರೇಮಿಗೂ ಹೊಸ ಭಂಗಿ, ಇನ್ನೂ ಕಲಿಯುತ್ತಿರುವ ಹುಡುಗ ಮೈಲ್ಸ್‌ಗೆ ಎರಡು ಫ್ರೇಮಿಗೊಂದು. ಹುಡುಗನ ತಡವರಿಕೆ ಬಂದದ್ದೇ ಅಲ್ಲಿಂದ. ಮುಷ್ಟಿ ತಾಗುವ ಫ್ರೇಮನ್ನೇ ಬೇಕೆಂದು ಬಿಡುವವರೂ ಇದ್ದಾರೆ: ತಾಗುವ ಮೊದಲಿನ ಭಂಗಿ, ನಂತರ ನೇರವಾಗಿ ತಿರುಚಿದ ಮುಖ, ಆ ಮುಖವನ್ನು ಎರಡು ಮೂರು ಫ್ರೇಮ್ ಹಾಗೇ ನಿಲ್ಲಿಸುತ್ತಾರೆ. ಎಣಿಸದೆ ಇದನ್ನು ಕೊರತೆ ಎನ್ನಬೇಡ.

ನಿನ್ನ ಬರಹದಲ್ಲಿ ಒಂದು ಸಾಲು ನನಗೆ ತುಂಬ ಹಿಡಿಸಿತು: 'ಬಿದ್ದವನು ಏಳುವ ಮುನ್ನ ಅಂಗೈಯಿಂದ ನೆಲ ಹುಡುಕುತ್ತಾನೆ.' ನೋಡಿದವಳು ಮಾತ್ರ ಬರೆಯುವ ಸಾಲು ಅದು. ಹೊಡೆತದ ತೂಕ ಇರುವುದು ಹೊಡೆಸಿಕೊಂಡವನ ಪಾದದಲ್ಲಿ, ಬೆನ್ನಿನಲ್ಲಿ, ಅವನು ಹಿಂದಿಟ್ಟ ಹೆಜ್ಜೆಯಲ್ಲಿ. ಕ್ಯಾಮೆರಾ ಅಲುಗಾಡಿಸಿ ಅದನ್ನು ತರಲಾಗದು. ಇಷ್ಟು ಕಂಡವಳು ಅದೇ ಪುಟದಲ್ಲಿ 'ರೋಮಾಂಚಕ' ಎಂದು ಆರು ಸಲ ಬರೆದದ್ದು ಯಾಕೋ!

ಇಡೀ ಕಾಳಗ ಬೇಡ, ಮೊದಲ 40 ಸೆಕೆಂಡು ಸಾಕು. ಕಟ್‌ಗಳಿಗೆ ಸಂಖ್ಯೆ ಹಾಕಿ, ಮೇಲಿನಿಂದ ಕಂಡ ಆ ನಕ್ಷೆಯ ಜೊತೆ ಮತ್ತೆ ಕಳಿಸು. ಸೊನ್ನೆಗಳು ಸೊಟ್ಟಗಿದ್ದರೂ ನಡೆಯುತ್ತದೆ.

ಪ್ರೀತಿಯಿಂದ,
ನಿನ್ನ ಅಣ್ಣ