ಹಕ್ಕುಪತ್ರ ಬಂತು, ಋಣ ಹೇಳಿಕೊಳ್ಳಬೇಕು

ಅರಣ್ಯಭೂಮಿಯಲ್ಲಿ ನೆಲೆಸಿದವರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಕೊಡುವ ಹಕ್ಕುಪತ್ರ ನಮ್ಮ ಜಮೀನಿಗೂ ಕೈಸೇರಿದೆ. ನನ್ನ ಹೆಸರಿನ ಜೊತೆ ಹೆಂಡತಿಯ ಹೆಸರೂ ಇದೆ, ಕಾನೂನೇ ಹಾಗೆ. ಮಾರುವಂತಿಲ್ಲ, ಮಕ್ಕಳಿಗೆ ಉಳಿಸಬಹುದು. ನಮಗೆ ಬೇಕಿದ್ದುದೂ ಅಷ್ಟೇ. ಶಿರಸಿಯಿಂದ ಕಾರವಾರದವರೆಗೆ ಕಡತ ಅಲೆದ ಕಥೆ ನಿಮಗೆಲ್ಲ ಬಾಯಿಪಾಠವಾಗಿದೆ, ಮತ್ತೆ ಹೇಳುವುದಿಲ್ಲ.

ಅಡಿಕೆ ಕೊನೆ ಕೊಯ್ಲು ಬಿಟ್ಟು ಬಂದು ಗ್ರಾಮಸಭೆಗೆ ಬೇಕಾದಷ್ಟು ಹಾಜರಾತಿ (ಕೋರಂ) ತುಂಬಿಸಿದವರಿಗೆ, ಉಂಬಳ ಕಚ್ಚಿಸಿಕೊಂಡು ಜಿಪಿಎಸ್ ಹಿಡಿದು ಗಡಿ ಸುತ್ತಿದ ಹುಡುಗರಿಗೆ, ಝೆರಾಕ್ಸ್ ಸಾಲ ಕೇಳದೆ ಕಾದ ಅಂಗಡಿಯವರಿಗೆ ನಮಸ್ಕಾರ.

ಇನ್ನು ನಮ್ಮ ಮಾಸ್ತರರು.

'ತಿರಸ್ಕರಿಸಲಾಗಿದೆ' ಎಂಬ ಹಿಂಬರಹ ಬಂದ ರಾತ್ರಿ ಅಪ್ಪ ಊಟಕ್ಕೆ ಕುಳಿತವರು ಹಾಗೆಯೇ ಎದ್ದರು. ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, 75 ವರ್ಷ ಇದ್ದುದನ್ನು ತೋರಿಸಬೇಕು; ನಮ್ಮಲ್ಲಿ ಅದಕ್ಕೆ ದಾಖಲೆ ಇಲ್ಲವಂತೆ. ಕಾಯ್ದೆ ಹೇಳುವ 2005ರ ಡಿಸೆಂಬರ್ 13ರಿಂದ ಹಿಂದಕ್ಕೆ ಎಣಿಸಿದರೆ 1930. ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲ. ಮುತ್ತಜ್ಜನಿಗೆ ಆಗ ಚೀಟಿ ಬರೆದುಕೊಡುವವರು ಯಾರಿದ್ದರು? ಬೇಲಿಯಾಚೆಯ ಸಿದ್ದಿ ಸಮುದಾಯದವರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಅವರಿಗೆ ಈ ಷರತ್ತಿಲ್ಲ. ಅದು ನ್ಯಾಯವೇ, ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಹಳ್ಳದ ನೀರು ಕುಡಿದ ನಮಗೂ ಕುಣಬಿ ಸಮುದಾಯದವರಿಗೂ ಬೇರೆ ಲೆಕ್ಕ. ಇದೆಲ್ಲ ಇಂದಿನ ಮಾತು. ಅಂದು ಅಪ್ಪ "ನಾಳೆಯೇ ಬಂದು ಎಬ್ಬಿಸುತ್ತಾರೆಯೇ?" ಎಂದು ಕೇಳುತ್ತಲೇ ಇದ್ದರು.

ಕೊಡೆ ಮಡಚಿ ಒಳಬಂದ ಮಾಸ್ತರರು ಬೆಳಗಿನವರೆಗೆ ಕದಲಲಿಲ್ಲ. ಸಮಾಧಾನ ಹೇಳುವುದು ಅವರಿಗೆ ಬಾರದು (ಶಾಲೆಯಲ್ಲೂ ಬರುತ್ತಿರಲಿಲ್ಲ). ಅರಣ್ಯ ಹಕ್ಕು ನಿಯಮಗಳ ಪುಸ್ತಕ ತೆರೆದು 13ನೆಯ ನಿಯಮ ಓದಿದರು. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷ್ಯ, ಹಳೆಯ ಬಾವಿಯೂ ಸಾಕ್ಷ್ಯ, ದೇವರ ಜಾಗವೂ ಸಾಕ್ಷ್ಯ. ಅಪ್ಪನಿಗೆ ನಿದ್ದೆ ಹತ್ತುವವರೆಗೆ ಅದನ್ನೇ ಮತ್ತೆ ಮತ್ತೆ ಓದಿದರು. ಮುಂದಿನ ವಾರ ಮೇಲಿನ ಕೇರಿಯ ಅಜ್ಜಿಯ ಬಳಿ ಕುಳಿತು, ಅವರು ಹೇಳಿದ್ದನ್ನು ಒಂದಕ್ಷರ ತಿದ್ದದೆ ಬರೆದುಕೊಂಡರು. ಮೇಲ್ಮನವಿ ನಿಂತದ್ದು ಆ ಹೇಳಿಕೆಯ ಮೇಲೆ, ಬಾವಿಯ ಮೇಲೆ, ಚೌಡಿಕಟ್ಟೆಯ ಮೇಲೆ.

ಅಪ್ಪ ಈ ಕಾಗದ ನೋಡಲಿಲ್ಲ. ಹೋಗುವ ಹಿಂದಿನ ದಿನವೂ "ಪತ್ರ ಬಂತೇ?" ಎಂದಿದ್ದರು. ಯಾರ ಮೇಲೆ ಸಿಟ್ಟಾಗಬೇಕೋ ಗೊತ್ತಿಲ್ಲ, ಆದರೆ ಸಿಟ್ಟಿದೆ. ಇರಲಿ.

ಶಾಲು ಹೊದಿಸಲು ಹೋದರೆ ಮಾಸ್ತರರು ಬೈದು ಕೆಲಸ ಹಚ್ಚಿದ್ದಾರೆ. ತಿರಸ್ಕೃತ ಅರ್ಜಿ ಇರುವವರು ಭಾನುವಾರ ಮಧ್ಯಾಹ್ನ ಅವರ ಜಗುಲಿಗೆ ಬನ್ನಿ. ಹಿಂಬರಹದ ಪ್ರತಿ ಇರಲಿ; ಮೇಲ್ಮನವಿಗೆ 60 ದಿನ, ತಾರೀಖು ನೋಡಬೇಕು. ನಡೆಯಲಾಗದ ಅಜ್ಜ ಅಜ್ಜಿಯರಿದ್ದರೆ ಮೊದಲೇ ತಿಳಿಸಿ, ಬರೆದುಕೊಳ್ಳಲು ನಾವೇ ಮನೆಗೆ ಬರುತ್ತೇವೆ.