ಮೈದಾನಕ್ಕೆ ಎರಡನೇ ಗೇಟು ಇಡಿಸು

ಪ್ರಿಯ ಗೆಳೆಯಾ,

ಬಡಾವಣೆಯ ಸಿಎ (ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ) ನಿವೇಶನದಲ್ಲಿ ಮಕ್ಕಳಿಗೆ ಮೈದಾನ ಮಾಡಿಸಲು ನಿಮ್ಮ ಸಂಘ ಒಪ್ಪಿದ್ದು ನಿಜಕ್ಕೂ ಸಂತೋಷದ ವಿಷಯ. ನಕ್ಷೆ ನೋಡಿದೆ: ಸುತ್ತ ಎತ್ತರದ ಜಾಲರಿ, ಒಂದೇ ಗೇಟು, ನಡುವೆ ಬಾಸ್ಕೆಟ್‌ಬಾಲ್ ಅಂಕಣ. ಹೀಗೇ ಕಟ್ಟಿದರೆ ಅದು ದೊಡ್ಡ ಹುಡುಗರ ಜಾಗವಾಗಿಬಿಡುತ್ತದೆ. ಹೈಸ್ಕೂಲು ಹುಡುಗಿಯರು ಅತ್ತ ಸುಳಿಯುವುದಿಲ್ಲ.

ವಿಯೆನ್ನಾ ನಗರದಲ್ಲಿ ಆದದ್ದೂ ಇದೇ. ಒಂಬತ್ತು ವರ್ಷ ದಾಟುತ್ತಿದ್ದಂತೆ ಹುಡುಗಿಯರು ಉದ್ಯಾನಕ್ಕೆ ಬರುವುದು ಕಡಿಮೆಯಾಗುತ್ತಿತ್ತು ಎಂದು 1990ರ ದಶಕದಲ್ಲಿ ಅಲ್ಲಿ ನಡೆದ ಅಧ್ಯಯನವೊಂದು ತೋರಿಸಿತು. ದೊಡ್ಡ ಬಯಲಿನಲ್ಲಿ ಜಾಗಕ್ಕಾಗಿ ಹುಡುಗರ ಜೊತೆ ಜಗ್ಗಾಡಬೇಕಾಗಿ ಬಂದಾಗ ಅವರು ಬಿಟ್ಟುಕೊಟ್ಟು ಹೋಗುತ್ತಿದ್ದರು. 1999ರಲ್ಲಿ ಮಾರ್ಗರೆಟೆನ್ ಜಿಲ್ಲೆಯ ಎರಡು ಉದ್ಯಾನಗಳಲ್ಲಿ ಹೆಚ್ಚು ಕಾಲುದಾರಿ ಹಾಕಿ, ವಾಲಿಬಾಲ್, ಬ್ಯಾಡ್ಮಿಂಟನ್ ಅಂಕಣ ಸೇರಿಸಿ, ಬಯಲನ್ನು ಸಣ್ಣಸಣ್ಣ ಭಾಗ ಮಾಡಿದರು. ಬೇರೆಬೇರೆ ಗುಂಪುಗಳು ಒಟ್ಟಿಗೇ ಬಳಸತೊಡಗಿದವು.

ನಿನ್ನ ನಕ್ಷೆಯಲ್ಲಿ ಮೊದಲು ತಿದ್ದಬೇಕಾದದ್ದು ಗೇಟು. ಒಂದೇ ಗೇಟಿದ್ದರೆ ನಾಲ್ಕು ಜನ ಅಲ್ಲಿ ಬೈಕಿಗೆ ಒರಗಿ ನಿಂತರೂ ಸಾಕು, ಒಳಗೆ ಹೋಗಲು ಅವರನ್ನು ದಾಟಬೇಕು. ಒಳಗೆ ಕಿರಿಕಿರಿಯಾದರೆ ಹೊರಬರುವುದಕ್ಕೂ ಅದೇ ದಾರಿ. ಎದುರುಬದುರು ಎರಡು ಗೇಟು ಇಡಿಸು, ಒಂದೊಂದೂ ಕನಿಷ್ಠ ಎರಡು ಮೀಟರ್ ಅಗಲ. ಟ್ಯೂಷನ್ನಿಗೆ, ಅಂಗಡಿಗೆ ಹೋಗುವವರು ಮೈದಾನದ ಅಂಚಿನಿಂದಲೇ ಹಾದುಹೋಗುವಂತಾದರೆ ಕಾವಲುಗಾರನೇ ಬೇಡ.

ಬಾಸ್ಕೆಟ್‌ಬಾಲ್ ಪೂರ್ಣ ಅಂಕಣ 28×15 ಮೀಟರ್ ನುಂಗುತ್ತದೆ. ಅದರ ಅರ್ಧ ಸಾಕು. ಉಳಿದುದರಲ್ಲಿ ಥ್ರೋಬಾಲ್‌ಗೆ (18.3×12.2) ಜಾಗ ಹೊಂದಿಸು. ನಮ್ಮ ಶಾಲೆಗಳ ಹುಡುಗಿಯರು ನಿಜವಾಗಿ ಆಡುವ ಆಟ ಅದು, ಅದಕ್ಕೆ ಗೆರೆ ಎಳೆದ ಬಡಾವಣೆ ಮಾತ್ರ ಅಪರೂಪ.

ಕೂರಲು ಸಾಲು ಬೆಂಚು ಹಾಕಿಸಬೇಡ. ಸಾಲಾಗಿ ಕೂತವರು ಆಟ ನೋಡಬಹುದು, ಹರಟೆಗೆ ಮುಖ ಕಾಣಬೇಕು. ಹೊಂಗೆ ಮರದಡಿ ಮೊಣಕಾಲೆತ್ತರದ, ಮೂರಡಿ ಅಗಲದ, ಎಲ್ (L) ಆಕಾರದ ಮೂಲೆಕಟ್ಟೆ ಕಟ್ಟಿಸು. ಹತ್ತು ಜನ ಕಾಲು ಮಡಚಿ ಕೂರಬಹುದು. ಪೊದೆ ಸೊಂಟಕ್ಕಿಂತ ಕೆಳಗಿರಲಿ. ಹೈಮಾಸ್ಟ್ ದೀಪ ಒಂದರಿಂದ ನಡು ಬೆಳಗುತ್ತದೆ, ಮರದಡಿಯ ಕಟ್ಟೆ ಕತ್ತಲಲ್ಲೇ ಉಳಿಯುತ್ತದೆ. ದಾರಿಯುದ್ದಕ್ಕೂ ನಾಲ್ಕೈದು ಮೀಟರ್ ಎತ್ತರದ ಸಣ್ಣ ಕಂಬಗಳೇ ಒಳ್ಳೆಯದು. ಶೌಚಾಲಯವನ್ನು ಹಿಂದಿನ ಮೂಲೆಗೆ ತಳ್ಳಬೇಡಿ, ಗೇಟಿನ ಪಕ್ಕಕ್ಕೇ ಬರಲಿ.

ಜಾಲರಿಯ ಕಂಬಗಳಿಗೆ ಗುಂಡಿ ತೋಡುವ ಮೊದಲು ಒಂದು ಭಾನುವಾರ ಬಡಾವಣೆಯ ಹುಡುಗಿಯರನ್ನು ಮಾತ್ರ ಕರೆದು, ನೆಲದ ಮೇಲೆ ಸುಣ್ಣದಲ್ಲಿ ಗೆರೆ ಹಾಕಿ ಕೇಳು. ಹುಡುಗರ ಸಭೆ ಬೇರೆ ದಿನ ಇರಲಿ. ತಿದ್ದಿದ ನಕ್ಷೆ ಕಳಿಸು, ಅಳತೆ ನೋಡಿಕೊಡುತ್ತೇನೆ.

ನಿನ್ನ ಗೆಳೆಯ